ಅವರ ಗಾಡಿ, ನನ್ನ ಲೈಸೆನ್ಸು

ನಮ್ಮವರಿಗೆ ಲಕ್ವಾ ಹೊಡೆದಾಗ ಟೊಮೆಟೊ ಕ್ರಾಸಿಂಗಿನ ಹಂಗಾಮು ನಡೆದಿತ್ತು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವರು ಸೂಪರ್‌ವೈಜರ್ ಆಗಿದ್ದರು. ರೈತರ ಹೊಲಗಳಲ್ಲಿ ಬೀಜಕ್ಕೆಂದೇ ಬೆಳೆಸುವ ಟೊಮೆಟೊ, ಮೆಣಸಿನ ಪ್ಲಾಟುಗಳನ್ನು ನೋಡಿಕೊಳ್ಳುವ ಕೆಲಸ. ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಹೆಣ್ಣುಮಕ್ಕಳು ಕೈಯಿಂದ ಮುಟ್ಟಿಸುತ್ತ ಸಾಲು ಹಿಡಿದು ಹೋಗುತ್ತಾರೆ. ಅದಕ್ಕೇ ಕ್ರಾಸಿಂಗ್ ಅನ್ನುವುದು. ಬಿಸಿಲು ಏರುವುದರೊಳಗೆ ಮುಗಿಯಬೇಕಾದ ಕೆಲಸ ಅದು. ಹೀಗಾಗಿ ಅವರು ನಸುಕಿನಲ್ಲೇ ಗಾಡಿ ಒದ್ದು ಮೇಡ್ಲೇರಿಗೋ ಗುತ್ತಲಕ್ಕೋ ಬ್ಯಾಡಗಿಗೋ ಹೊರಟುಬಿಡುತ್ತಿದ್ದರು. ನಮ್ಮ ಓಣಿಯಲ್ಲಿ ಆ ಗಾಡಿಯ ಸಪ್ಪಳಕ್ಕೆ ಏಳುವವರಿದ್ದರು.

ಆ ದಿನ ಬೂಟಿನ ಲೇಸು ಕಟ್ಟಲು ಬಾಗಿದವರು ಹಾಗೆಯೇ ಬಲಕ್ಕೆ ವಾಲಿ ಗೋಡೆಗೆ ಒರಗಿದರು. ನಿದ್ದೆ ಸಾಲದೆ ಜೋಲಿ ಹೊಡೆಯಿತೇನೋ ಅಂದುಕೊಂಡು ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ.

ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ ಬಲಗಾಲು ಸತ್ತಂತಾಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ‘ಆತು’ ಅನ್ನುವ ಒಂದೇ ಮಾತು, ಆಯಿತು ಅನ್ನುವುದಕ್ಕೆ ನಮ್ಮ ಕಡೆಯ ಮಾತು. ಹಸಿವಾದರೂ ಆತು, ಸಿಟ್ಟು ಬಂದರೂ ಆತು, ಬೇಡ ಅನ್ನಬೇಕಾದರೂ ಆತು. ದನಿಯ ಏರಿಳಿತ ನೋಡಿ ನಾನೂ ನಮ್ಮ ಅತ್ತೆಯೂ ಅರ್ಥ ಹಚ್ಚುವುದನ್ನು ಕಲಿತೆವು. ಒಳಗೆ ಅವರಿಗೆಲ್ಲ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಸಮಾಧಾನಕ್ಕೆಂದು ಹೇಳಿದ ಆ ಮಾತು ನನಗೆ ಸಂಕಟವನ್ನೇ ಹೆಚ್ಚಿಸಿತು. ಊಟ ಮಾಡಿಸುವಾಗ ಅವರ ಕಣ್ಣು ನೋಡುವುದೇ ಆಗುತ್ತಿರಲಿಲ್ಲ.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅವರ ತಾಯಿ. ನಾನು ಬ್ಲೌಸು ಹೊಲಿಯುತ್ತಿದ್ದೆ. ಆದರೆ ನನ್ನ ತವರು ಮೇಡ್ಲೇರಿ. ಲಂಗ ತೊಡುವ ವಯಸ್ಸಿನಿಂದಲೇ ಕ್ರಾಸಿಂಗಿಗೆ ಹೋದವಳು ನಾನು. ನಮ್ಮಪ್ಪನ ಪ್ಲಾಟು ನೋಡಲು ಬರುತ್ತಿದ್ದ ಸೂಪರ್‌ವೈಜರೇ ಮುಂದೆ ನನ್ನ ಗಂಡನಾದದ್ದು. ಇದು ಕಂಪನಿಯ ಮ್ಯಾನೇಜರಿಗೂ ಗೊತ್ತಿತ್ತು. ಅವರು ಹಣ್ಣು ಹಿಡಿದುಕೊಂಡು ನೋಡಲು ಬಂದವರು, ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ಈ ಕೆಲಸ ನೀವೇ ಯಾಕೆ ಮಾಡಬಾರದು ಎಂದು ಕೇಳಿದರು. ಹೂವಿನ ಕೆಲಸ ನಿಮಗೆ ಹೇಳಿಕೊಡಬೇಕಾದ್ದಿಲ್ಲ, ಆದರೆ ಓಡಾಡಲು ಗಾಡಿ ಬೇಕು, ಆ ಹೊತ್ತಿಗೆ ಬಸ್ಸು ಇರುವುದಿಲ್ಲ ಅಂದರು.

ಸ್ಕೂಟಿ ಕೊಡಿಸುತ್ತೇನೆಂದು ನನ್ನ ತಮ್ಮ ಮುಂದೆ ಬಂದ. ಅವನು ರಾಣೆಬೆನ್ನೂರಿನಲ್ಲೇ ಆಟೊ ಓಡಿಸುತ್ತಾನೆ. ನಾನು ಬೇಡವೆಂದೆ. ಹೊಲದ ದಾರಿಯ ಚಕ್ಕಡಿ ಜಾಡಿನಲ್ಲಿ ಸ್ಕೂಟಿಯ ಸಣ್ಣ ಗಾಲಿ ಸಿಕ್ಕಿಬೀಳುತ್ತವೆ ಎಂದು ಕಾರಣ ಹೇಳಿದೆ. ಅದು ಸುಳ್ಳಲ್ಲ. ಆದರೆ ಬಾಗಿಲ ಮುಂದೆ ಅವರ ಗಾಡಿ ನಿಂತಿತ್ತು. ಅವರು ಗೋಡೆ ಹಿಡಿದು ಕಾಲೆಳೆಯುತ್ತ ಬಂದು, ಕಟ್ಟೆಯ ಮೇಲೆ ಕೂತು, ಎಡಗೈಯಿಂದ ಅದರ ಟ್ಯಾಂಕು ಒರೆಸುತ್ತಿದ್ದರು. ಆ ಕಣ್ಣಿನ ಮುಂದೆ ಇನ್ನೊಂದು ಗಾಡಿ ತಂದು ನಿಲ್ಲಿಸುವ ಮನಸ್ಸು ನನಗಾಗಲಿಲ್ಲ.

ಕಲಿಸಿದವರು ಅವರೇ. ನಮ್ಮ ಮನೆಯ ಹಿಂದೆ ಒಂದು ಹೊಸ ಲೇಔಟ್ ಇದೆ. ರಸ್ತೆ ಆಗಿವೆ, ಮನೆ ಆಗಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ನನ್ನ ತಮ್ಮ ಅವರನ್ನು ಆಟೊದಲ್ಲಿ ಅಲ್ಲಿಗೆ ಕರೆತಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸುತ್ತಿದ್ದ. ನಾನು ಚೂಡಿದಾರ ತೊಟ್ಟು, ನಾಚಿಕೆ ನುಂಗಿಕೊಂಡು ಗಾಡಿ ಹತ್ತುತ್ತಿದ್ದೆ. ಗಾಡಿಯ ಕ್ಲಚ್ಚು ಎಡಗೈಗೆ, ಗೇರು ಎಡಗಾಲಿಗೆ. ಅವರಿಗೆ ಉಳಿದದ್ದೂ ಎಡಗೈ, ಎಡಗಾಲೇ. ಗಾಳಿಯಲ್ಲಿ ಮುಷ್ಟಿ ಬಿಗಿಹಿಡಿದು ನಿಧಾನವಾಗಿ ಬೆರಳು ಬಿಚ್ಚುತ್ತಿದ್ದರು. ಕ್ಲಚ್ಚು ಹೀಗೆ ಬಿಡಬೇಕು ಅಂತ. ಇಂಜಿನ್ನಿನ ದನಿ ಏರಿದೊಡನೆ ಎಡಗಾಲಿನ ತುದಿಯಿಂದ ನೆಲ ಒತ್ತುತ್ತಿದ್ದರು. ಗೇರು ಹಾಕು ಅಂತ. ನಾನು ತಡಮಾಡಿದರೆ ‘ಆತು, ಆತು, ಆತು’ ಎಂದು ಬೈಯುತ್ತಿದ್ದರು. ಗಾಡಿ ಬಂದ್ ಆಗದೆ ಒಂದು ಸುತ್ತು ಹಾಕಿ ಬಂದ ದಿನ ಮಾತ್ರ ಒಂದೇ ಒಂದು ‘ಆತು’ ಅಂದರು, ಮೆಲ್ಲಗೆ.

ಬಲಗಡೆಯದನ್ನು ಅವರಿಗೆ ತೋರಿಸಲಾಗುತ್ತಿರಲಿಲ್ಲ. ಎಕ್ಸಲೇಟರು, ಮುಂದಿನ ಬ್ರೇಕು, ಹಿಂದಿನ ಬ್ರೇಕು ಎಲ್ಲ ಆ ಕಡೆಗೇ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ತಮ್ಮನ ಕಡೆ ಮುಖ ತಿರುಗಿಸುತ್ತಿದ್ದರು. ತಮ್ಮ ತನಗೆ ತಿಳಿದಷ್ಟು ಹೇಳುತ್ತಿದ್ದ. ಒತ್ತಿದರೆ ನಿಲ್ಲುತ್ತದೆ ಅನ್ನುವಷ್ಟರಲ್ಲಿ ಅವನ ಪಾಠ ಮುಗಿಯುತ್ತಿತ್ತು.

ಯಾರ್ಯಾರ ಬಾಯಲ್ಲಿ ಏನೇನು ಬಂತೋ ನನಗೆ ಪೂರ್ತಿ ಗೊತ್ತಿಲ್ಲ. ಗಂಡ ಹಾಸಿಗೆ ಹಿಡಿದಿರುವಾಗ ಇವಳಿಗೆ ಗಾಡಿ ಓಡಿಸುವ ಹುಮ್ಮಸ್ಸು ನೋಡಿ ಅಂದರಂತೆ. ಅತ್ತೆ ಒಬ್ಬರ ಮನೆಯ ತೊಟ್ಟಿಲು ಕಾರ್ಯದಿಂದ ಊಟ ಮಾಡದೆ ಎದ್ದು ಬಂದಿದ್ದರು. ಯಾಕೆಂದು ಕೇಳಿದರೆ ಹಸಿವಿಲ್ಲ ಅಂದರು. ಬಹಳ ದಿನಗಳ ಮೇಲೆ ಬೇರೆ ಯಾರೋ ಕಾರಣ ಹೇಳಿದರು.

ಕಲಿಕೆಯ ಲೈಸೆನ್ಸಿಗೆ ಹಾವೇರಿಗೆ ಹೋದೆ. ಕಿಟಕಿಯಾಚೆ ಕೂತವರು ನನ್ನ ಮುಖ ನೋಡಿ, ಗೇರಿಲ್ಲದ ಗಾಡಿಯಲ್ಲವೇ ಎಂದು ತಾವೇ ಬರೆಯಹೊರಟರು. ಗೇರಿನದು ಎಂದು ಹೇಳಬೇಕಾಯಿತು. ಕಂಪ್ಯೂಟರಿನಲ್ಲಿ ರಸ್ತೆಯ ಚಿಹ್ನೆಗಳನ್ನು ಗುರುತಿಸುವ ಪರೀಕ್ಷೆ ಸಲೀಸಾಗಿ ಆಯಿತು. ಮುಂದಿನದೇ ಕಷ್ಟ. ಎಂಟರ ಆಕಾರದ ದಾರಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ಗಾಡಿ ತಿರುಗಿಸಬೇಕು. ಮೊದಲ ಸಲ ಎರಡನೇ ತಿರುವಿನಲ್ಲೇ ಕಾಲು ಊರಿದೆ. ಇನ್ಸ್‌ಪೆಕ್ಟರು ಇನ್ನೊಂದು ತಾರೀಖು ಕೊಟ್ಟರು. ಮರುದಿನ ಸಂಜೆ ನಮ್ಮವರು ತಾವೇ ನನ್ನ ತಮ್ಮನಿಗೆ ಸನ್ನೆ ಮಾಡಿ ಲೇಔಟಿಗೆ ಬಂದರು. ಕುರ್ಚಿಯ ಮುಂದೆ ಇಟ್ಟಂಗಿಗಳನ್ನು ಎಂಟರ ಆಕಾರಕ್ಕೆ ಇಡಿಸಿದರು. ಕತ್ತಲಾಗುವವರೆಗೂ ನನ್ನನ್ನು ಅದರೊಳಗೇ ಸುತ್ತಿಸಿದರು.

ಎರಡನೇ ಸಲ ಪಾಸಾದೆ. ಅಂಚೆಯಲ್ಲಿ ಕಾರ್ಡು ಬಂದಾಗ ಅವರು ಅದನ್ನು ಎಡಗೈಯಲ್ಲಿ ಹಿಡಿದು ನನ್ನ ಫೋಟೊ ನೋಡಿದರು, ಹಿಂದೆ ತಿರುಗಿಸಿ ನೋಡಿದರು, ಮತ್ತೆ ಮುಂದೆ ನೋಡಿದರು. ಕಣ್ಣಲ್ಲಿ ನೀರಿತ್ತು. ಲಕ್ವಾ ಹೊಡೆದ ಮೇಲೆ ಅವರಿಗೆ ಅಳು ನಗು ಎರಡೂ ಬೇಗ ಬರುತ್ತಿದ್ದವು. ಆ ನೀರಿನಲ್ಲಿ ಸಂತೋಷವೆಷ್ಟು, ತಮ್ಮದೊಂದು ಕೈಬಿಟ್ಟು ಹೋಯಿತೆನ್ನುವ ದುಃಖವೆಷ್ಟು ಅಂತ ನಾನು ಕೇಳಲೂ ಇಲ್ಲ, ಕೇಳಿದರೆ ಅವರಿಗೆ ಹೇಳಲೂ ಬರುತ್ತಿರಲಿಲ್ಲ.

ಹೀಗೆ ನಾನು ಕೆಲಸಕ್ಕೆ ಹತ್ತಿದೆ. ದಿನಾ ಮಧ್ಯಾಹ್ನ ಮನೆಗೆ ಬಂದು ಗಾಡಿ ನಿಲ್ಲಿಸಿದ ಕೂಡಲೇ ಅವರು ಕಟ್ಟೆಯಿಂದ ಕೈಚಾಚಿ ಹಿಂದಿನ ಸೀಟಿನ ಮೇಲೆ ಪಟಪಟ ಬಡಿಯುತ್ತಿದ್ದರು. ‘ಆತು? ಆತು?’ ಮೊದಲು ಧೂಳು ಝಾಡಿಸುತ್ತಿದ್ದಾರೆ ಅಂದುಕೊಂಡೆ. ಅತ್ತೆಗೆ ಬೇಗ ತಿಳಿಯಿತು. ಹಿಂದೆ ಕೂತು ಮೇಡ್ಲೇರಿಯ ಹೊಳೆಯ ದಂಡೆಗೆ, ತಮ್ಮ ಪ್ಲಾಟುಗಳ ಕಡೆಗೆ ಹೋಗಬೇಕೆಂಬ ಆಸೆ ಅದು. ಇನ್ನೂ ಸ್ವಲ್ಪ ಕೈ ಪಳಗಲಿ, ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹೇಳಿದೆ. ಬಾಯಿಮಾತಿಗೆ ಹೇಳಿದ್ದಲ್ಲ. ನನಗೂ ಅದೇ ಆಸೆ ಹತ್ತಿತ್ತು. ಮದುವೆಯಾದಾಗಿನಿಂದ ಅವರ ಬೆನ್ನಿಗೆ ಕೂತು ಎಷ್ಟೋ ಊರು ತಿರುಗಿದವಳು ನಾನು.

ಗೋವಿನಜೋಳ ಬಂದ ಕಾಲಕ್ಕೆ ಗುತ್ತಲದ ರಸ್ತೆಯಲ್ಲಿ ಬಿದ್ದೆ. ರೈತರು ಅರ್ಧ ರಸ್ತೆಗೆ ಕಾಳು ಒಣಹಾಕಿದ್ದರು. ಎದುರಿಗೆ ಟ್ರ್ಯಾಕ್ಟರು ಬಂತು. ಕಾಳಿನ ಮೇಲೆ ಇಳಿದೆ, ಹೆದರಿ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದೆ. ಗಾಲಿ ಜಾರಿ ಗಾಡಿ ನನ್ನ ಮೇಲೆಯೇ ಮಲಗಿತು. ಮೊಣಕಾಲಿನ ಚರ್ಮ ಕಿತ್ತು ಬಂದಿತ್ತು. ಹೆಲ್ಮೆಟ್ಟಿನ ಒಂದು ಮಗ್ಗುಲು ತರಿದುಹೋಗಿತ್ತು. ಗಾಡಿ ಎತ್ತಿಕೊಟ್ಟವರು ನೀರು ಕೊಟ್ಟರು, ಅರಿಸಿನ ಹಚ್ಚಿದರು. ಮನೆಗೆ ಬಂದಾಗ ನಮ್ಮವರು ನನ್ನ ಕುಂಟು ನಡಿಗೆ ನೋಡಿ ತಮ್ಮ ಬಲಗೈಯ ಮೇಲೆ ಎಡಗೈಯಿಂದ ಹೊಡೆದುಕೊಂಡರು. ಅತ್ತೆ ಹಿಡಿದುಕೊಳ್ಳುವವರೆಗೂ ಹೊಡೆದುಕೊಂಡರು.

ಆ ಸುದ್ದಿ ಕಂಪನಿಗೆ ಮುಟ್ಟಿತು. ಹಾವೇರಿಯಲ್ಲಿ ಬೈಕ್ ಓಡಿಸುವವರಿಗೆ ಸುರಕ್ಷತೆಯ ತರಬೇತಿ ನಡೆಯಲಿದೆ, ಹೋಗಿ ಬನ್ನಿ ಎಂದು ಮ್ಯಾನೇಜರು ಕಳಿಸಿದರು. ಎರಡು ದಿನದ ತರಬೇತಿ. ಹೋದರೆ ಎಲ್ಲ ಎಳೆಯ ಹುಡುಗರು. ಪಾರ್ಸಲ್ ಮುಟ್ಟಿಸುವವರು, ಫೈನಾನ್ಸಿನವರು, ಔಷಧ ಕಂಪನಿಯವರು. ಕಲಿಸಲು ಬಂದವರು ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು, ನನಗಿಂತ ಚಿಕ್ಕವರು. ಗಲ್ಲದ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು. ತಮ್ಮ ಬಗ್ಗೆ ಅವರು ಏನೂ ಹೇಳಿಕೊಳ್ಳಲಿಲ್ಲ. ಮೊದಲಿಗೇ ಎಲ್ಲರಿಂದಲೂ ಬ್ರೇಕು ಹಿಡಿಸಿದರು. ಎರಡೂ ಬ್ರೇಕು ಕೂಡಿಸಿ, ಮುಂದಿನದನ್ನು ಹಿಂಡುತ್ತ ಹಿಂಡುತ್ತ ಬರಬೇಕು, ಒಮ್ಮೆಗೇ ಜಗ್ಗಬಾರದು. ಕಾಳು, ಮರಳು, ಸೆಗಣಿ ಕಂಡರೆ ಅದರ ಮೇಲೆ ಹೋಗುವ ಮೊದಲೇ ವೇಗ ಇಳಿಸಬೇಕು. ಕಣ್ಣು ಗುಂಡಿಯ ಮೇಲಿಟ್ಟರೆ ಗಾಡಿಯೂ ಗುಂಡಿಗೇ ಹೋಗುತ್ತದೆ, ಪಾರಾಗುವ ದಾರಿಯನ್ನು ನೋಡಿ ಅಂದರು. ಮೈದಾನದಲ್ಲಿ ಓಡಿಸುತ್ತ, ನಿಲ್ಲಿಸುತ್ತ, ನನ್ನ ಬಲಗೈಗೆ ಮೊದಲ ಸಲ ಧೈರ್ಯ ಬಂತು. ನಮ್ಮವರಿಗೆ ಕಲಿಸಲಾಗದೆ ಉಳಿದಿದ್ದ ಅರ್ಧ ಗಾಡಿಯನ್ನು ಅಲ್ಲಿ ಕಲಿತೆ.

ಎರಡನೇ ದಿನ ಹಿಂದೆ ಕೂರುವವರ ಪಾಠ. ಹಿಂದಿನವರ ಎರಡೂ ಪಾದ ಫುಟ್‌ರೆಸ್ಟಿನ ಮೇಲಿರಬೇಕು, ಎರಡೂ ಕೈ ಹಿಡಿದಿರಬೇಕು, ತಿರುವಿನಲ್ಲಿ ಓಡಿಸುವವರ ಜೊತೆಗೇ ಬಾಗಬೇಕು. ಚಹಾಕ್ಕೆ ಬಿಟ್ಟಾಗ ಕಲಿಸುವವರ ಹತ್ತಿರ ಹೋದೆ. ನಮ್ಮವರ ಸ್ಥಿತಿಯನ್ನೆಲ್ಲ ಹೇಳಿದೆ. ಅವರು ಕಪ್ಪು ಕೆಳಗಿಟ್ಟು ಕಿವಿಗೊಟ್ಟರು.

‘ನಡಕ್ಕ ಸೀರಿ ಸುತ್ತಿ ನನಗ ಕಟ್ಟಿಕೊಂಡ್ರ ಹ್ಯಾಂಗ್ರಿ? ಹಗೂರಕ ಹೋಗ್ತೇನಿ,’ ಅಂದೆ.

‘ಕಟ್ಟಿಕೊಂಡು ಬಿದ್ರ ಇಬ್ಬರೂ ಕೂಡೇ ಬೀಳ್ತೀರಿ,’ ಅಂದರು. ‘ನಿಮಗ ಕೈ ಊರಾಕ ಬರ್ತೈತಿ. ಅವ್ರಿಗೆ ಬರೂದಿಲ್ಲ.’

‘ನಾ ಬೀಳೂದಿಲ್ರಿ.’

ಅವರು ನನ್ನ ಮೊಣಕಾಲಿನ ಕಡೆ ನೋಡಲಿಲ್ಲ. ನೋಡಬಹುದಿತ್ತು. ನನ್ನ ಕೈ ಹಿಡಿದುಕೊಂಡು, ‘ಬ್ಯಾಡ್ರಿ ಅಕ್ಕಾರ,’ ಅಂದರು. ಅಷ್ಟೇ. ಹೌದು ಅನ್ನುವುದಕ್ಕೆ ಒಂದು ಸಂದಿ ಸಿಕ್ಕೀತೇನೋ ಎಂದು ಹುಡುಕಿದೆ. ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ.

ತರಬೇತಿ ಮುಗಿಸಿ ಮನೆಗೆ ಬಂದಾಗ ನಮ್ಮವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಅತ್ತೆ ಅವರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರೇ ಹಠ ಹಿಡಿದು ಹಾಕಿಸಿಕೊಂಡದ್ದು. ಇವಳು ಕಲಿತು ಬಂದಳು, ಇನ್ನು ಕರೆದೊಯ್ಯುತ್ತಾಳೆ ಎಂದು. ನಾನು ಗಾಡಿ ನಿಲ್ಲಿಸುವುದಕ್ಕೂ ಬಿಡದೆ ಸೀಟು ಬಡಿದರು. ನಾನು ಪಕ್ಕದಲ್ಲಿ ಕೂತು ಅವರ ಎಡಗೈ ಹಿಡಿದುಕೊಂಡೆ.

‘ಹಿಂದ ಕುಂದರ್ಸಾಕ ಆಗೂದಿಲ್ಲಂತ್ರಿ,’ ಅಂದೆ. ‘ಕೇಳಿಕೊಂಡ ಬಂದೇನಿ. ಬಿದ್ರ ನಿಮ್ಮನ್ನ ಹಿಡಕೊಳ್ಳಾಕ ನನ್ನ ಕಡೆ ಆಗೂದಿಲ್ಲ.’

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ‘ಆತು’ ಅಂದರು. ಇಷ್ಟು ದಿನದ ಎಲ್ಲ ಆತುಗಳಿಗೂ ಅರ್ಥ ಹಚ್ಚಿದ್ದೆ ನಾನು. ಅದಕ್ಕೆ ಮಾತ್ರ ಹಚ್ಚುವ ಅಗತ್ಯವೇ ಇರಲಿಲ್ಲ. ಆ ಮಾತಿಗೆ ಇರುವ ಅರ್ಥವೇ ಅದಕ್ಕಿತ್ತು. ಕೈ ಬಿಡಿಸಿಕೊಂಡು, ಗೋಡೆ ಹಿಡಿದು ಒಳಗೆ ಹೋದರು. ಮರುದಿನದಿಂದ ಸೀಟು ಬಡಿಯುವುದು ನಿಂತಿತು. ನಾನು ಬರುವ ಹೊತ್ತಿಗೆ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಅದನ್ನು ನೋಡಲಾರದೆ ನಮ್ಮ ಅತ್ತೆಯೇ ಒಂದು ದಾರಿ ಹುಡುಕಿದರು. ಮಗನನ್ನು ಆಟೊದಲ್ಲಿ ಕೂರಿಸಿಕೊಂಡು ತಾವು ಹಿಡಿದುಕೊಂಡು ಬರುವುದು, ನಾನು ಗಾಡಿ ತೆಗೆದುಕೊಂಡು ಅವರ ಕಣ್ಣಿಗೆ ಕಾಣುವ ಹಾಗೆ ಮುಂದೆ ಹೋಗುವುದು. ಒಂದು ಚಳಿಗಾಲದ ಬೆಳಿಗ್ಗೆ ನನ್ನ ತಮ್ಮ ಆಟೊ ತಂದ. ಮೇಡ್ಲೇರಿಯ ರಸ್ತೆ ಹಿಡಿದೆವು. ನನಗೆ ಕನ್ನಡಿಯಲ್ಲಿ ಆಟೊದ ಗಾಜು ಕಾಣುತ್ತಿತ್ತು, ಅದರ ಮೇಲೆ ಬಿಸಿಲು ಬಿದ್ದು ಒಳಗಿನವರು ಕಾಣುತ್ತಿರಲಿಲ್ಲ. ಅವರು ನೋಡುತ್ತಿದ್ದಾರೋ ಕಣ್ಣು ಮುಚ್ಚಿದ್ದಾರೋ ತಿಳಿಯದೆ ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸಿದೆ.

ಹೊಳೆಯ ದಂಡೆಯಲ್ಲಿ ಅವರನ್ನು ಇಳಿಸಿ ಕೂರಿಸಿದೆವು. ಪಕ್ಕದ ಪ್ಲಾಟಿನ ಹೆಣ್ಣುಮಕ್ಕಳು ಕ್ರಾಸಿಂಗ್ ಮುಗಿಸಿ ಬಂದು ಸುತ್ತ ಕೂತರು. ‘ಸಾಹೇಬರ’ ಎನ್ನುತ್ತ ಊರ ಸುದ್ದಿಯೆಲ್ಲ ಹೇಳಿದರು. ಮಾತು ಬರುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಒಬ್ಬಳು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಎಡಗೈಗೆ ಕೊಟ್ಟಳು. ಅವರು ತಿಂದರು. ಒಮ್ಮೆ ಅತ್ತರು, ಆಮೇಲೆ ನಕ್ಕರು. ತುಂಗಭದ್ರೆಯ ನೀರು ಕೆಳಗಿಳಿದಿತ್ತು, ಬಂಡೆಗಳು ಕಾಣುತ್ತಿದ್ದವು.

ಅವತ್ತು ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ‘ದಾರಿ ತುಂಬ ಕೈ ಹಿಂಡಾಕತ್ತಿದ್ದ ನೋಡವಾ,’ ಅಂದರು. ‘ನೀ ಗಾಡಿ ಏರಿಸಿದಾಗೊಮ್ಮೆ ಇಳಿಸಿದಾಗೊಮ್ಮೆ ಕೈ ಹಿಂಡೂದು, ಕಾಲು ಒತ್ತೂದು. ನಿನ್ನ ಕೂಡ ಅವನೂ ಓಡಿಸಿದ.’ ಅದನ್ನು ಹೇಳಿ ಅವರು ಒಲೆಯ ಕಡೆ ತಿರುಗಿ ನಿಂತುಬಿಟ್ಟರು.

ಮುಂಗಾರು ಹಿಡಿಯುವ ಮೊದಲು ಅವರು ಹೋದರು. ನಾನು ಆಗ ಬ್ಯಾಡಗಿ ಕಡೆಯ ಒಂದು ಮೆಣಸಿನ ಪ್ಲಾಟಿನಲ್ಲಿದ್ದೆ. ಬೆಳಗಿನ ಹೊತ್ತು. ಫೋನು ಬಂತು. ಅತ್ತೆ ನನಗೆ ಫೋನು ಮಾಡಿದ್ದೇ ಅಪರೂಪ. ‘ಲಗೂ ಬಾ,’ ಅಂದರು. ಮತ್ತೆ ತಾವೇ, ‘ಹಗೂರ ಬಾ,’ ಅಂದರು. ನನಗೆ ಅಲ್ಲೇ ತಿಳಿಯಿತು.

ಮೋಟೆಬೆನ್ನೂರಿಗೆ ಬಂದು ಹೈವೇ ಹತ್ತಿದೆ. ಲಾರಿಗಳು ಮೈಗೆ ಗಾಳಿ ಬೀಸುತ್ತ ಹೋಗುತ್ತಿದ್ದವು. ನಾನು ಎಡಗಡೆಯನ್ನು ಬಿಡಲಿಲ್ಲ, ವೇಗ ಹೆಚ್ಚಿಸಲಿಲ್ಲ. ತಿರುವಿನಲ್ಲಿ ಇಂಡಿಕೇಟರ್ ಹಾಕಿದೆ, ಹಿಂದೆ ತಿರುಗಿ ನೋಡಿದೆ. ಯಾವುದನ್ನೂ ತಪ್ಪಿಸಲಿಲ್ಲ. ಅಂಥ ಹೊತ್ತಿನಲ್ಲಿ ಅಷ್ಟು ಸರಿಯಾಗಿ ಹೇಗೆ ಓಡಿಸಿದೆನೋ ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಬೇಸರ ಬರುತ್ತದೆ. ಬಿದ್ದು ನಾನೂ ಆಸ್ಪತ್ರೆ ಸೇರಿದ್ದರೆ ಅತ್ತೆಯ ಗತಿ ಏನು ಎಂದೂ ಅನಿಸುತ್ತದೆ. ಎರಡೂ ಒಟ್ಟಿಗೇ ಅನಿಸುತ್ತವೆ. ಮನೆಯ ಮುಂದೆ ಚಪ್ಪಲಿಗಳು ಬಿದ್ದಿದ್ದವು. ಗಾಡಿಯ ಸಪ್ಪಳ ಕೇಳಿ ಜನ ದಾರಿ ಬಿಟ್ಟರು. ನಮ್ಮವರ ಮುಖ ಸುಮ್ಮನೆ ನಿದ್ದೆ ಹೋದ ಹಾಗಿತ್ತು. ಎದ್ದು ಚಹಾ ಕುಡಿದು ಮತ್ತೆ ಮಲಗಿದವರು ಏಳಲಿಲ್ಲ ಎಂದು ಅತ್ತೆ ಹೇಳಿದರು.

ಅದೇ ಸಂಜೆ ಮಣ್ಣಾಯಿತು. ಕೆಲವು ದಿನಗಳ ಮೇಲೆ ಸಂಬಂಧಿಕರೊಬ್ಬರು, ಗಾಡಿ ಇಟ್ಟುಕೊಂಡು ಏನು ಮಾಡುತ್ತೀರಿ, ನಮ್ಮ ಹುಡುಗನಿಗೆ ಬೇಕಾಗಿತ್ತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಅದು ಓಡುವ ಗಾಡಿ, ಓಡಿಸುವವಳು ಇದ್ದಾಳೆ ಅಂದರು.

ಹೀಗೆ ಈಗಲೂ ಓಡಿಸುತ್ತೇನೆ. ಅವರ ಜೊತೆಯಲ್ಲಿ ಬಾಳಿದ ಮನೆಯಲ್ಲಿ ಅಳು ಬರುವುದಿಲ್ಲ. ಅತ್ತೆಯ ಮುಂದೆ ಅಳಬಾರದು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ ಏನೋ. ಗಾಡಿಯ ಮೇಲೆ ಬರುತ್ತದೆ. ಹೆಲ್ಮೆಟ್ಟಿನೊಳಗೆ ಅತ್ತರೆ ಉಸಿರಿಗೆ ಗಾಜು ಮಂಜಾಗಿ ರಸ್ತೆ ಕಾಣುವುದಿಲ್ಲ. ಆಗ ಎಡಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, ಅತ್ತು ಮುಗಿಸಿ ಹೋಗುತ್ತೇನೆ. ಮೊನ್ನೆ ಹಾಗೆ ನಿಂತಿದ್ದಾಗ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಬಂದಳು. ಗಾಡಿ ಕೆಟ್ಟಿದೆಯೇ ಎಂದು ಕೇಳಿದಳು. ಇಲ್ಲ ಅಂದೆ. ಮುಖ ನೋಡಿದಳು. ಹೊರೆ ಇಳಿಸಿ ಅದರ ಮೇಲೆಯೇ ಕೂತಳು. ನಾನು ಕಣ್ಣು ಒರೆಸಿಕೊಂಡು ಹೆಲ್ಮೆಟ್ ಹಾಕಿಕೊಳ್ಳುವವರೆಗೂ ಅಲ್ಲೇ ಕೂತಿದ್ದಳು. ಆಮೇಲೆ ಹೊರೆ ಎತ್ತಿಕೊಡು ಅಂದಳು. ಇಳಿದು ಎತ್ತಿಕೊಟ್ಟೆ. ಅವಳು ಹೊಲದ ದಾರಿ ಹಿಡಿದಳು. ಬಿಸಿಲು ಏರುತ್ತಿತ್ತು, ಹೆಣ್ಣುಮಕ್ಕಳು ಪ್ಲಾಟಿನಲ್ಲಿ ಕಾಯುತ್ತಿರುತ್ತಾರೆಂದು ನಾನೂ ಹೊರಟೆ.